ನಾಲ್ಕು ಗಂಟೆ ಇಪ್ಪತ್ತು ನಿಮಿಷ

ಟಿಕೆಟಿನ ಮೇಲೆ ಅಷ್ಟೇ ಇತ್ತು: ದಮ್ಮಾಮಿನಿಂದ ಮಂಗಳೂರು,
ನಾಲ್ಕು ಗಂಟೆ ಇಪ್ಪತ್ತು ನಿಮಿಷ.
ದೂರ ಎಷ್ಟಾಯಿತು ಅಂದರೆ ಟ್ರಾವೆಲ್ಸಿನ ಸೈದಾಲಿಕ್ಕ
ಗೋಡೆಯ ನಕ್ಷೆಗೆ ಕೈಯಿಟ್ಟು
'ಒಂದೂವರೆ ಗೇಣು' ಎಂದ.
'ಮೂರು ಸಾವಿರ ಕಿಲೋಮೀಟರು ಅಂತ ಹಿಡಿ.
ಪೆರ್ನಾಲಿನ ದಿನ ಹಾರುವವರಿಲ್ಲ, ಅದಕ್ಕೇ ಅಗ್ಗ.
ಇಲ್ಲಿ ಹಬ್ಬದ ನಮಾಜು ಮುಗಿಸಿ ಹತ್ತು,
ಅಲ್ಲಿ ಬಿರಿಯಾನಿ ಆರುವುದರೊಳಗೆ ಇಳಿ.'

ಚಂದ್ರನನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಇಪ್ಪತ್ತೊಂಬತ್ತರ ಸಂಜೆ ಕಂಡಿತು ಅಂದರು.
ನಾವು ಜುಬೈಲಿನವರು ಆಕಾಶ ನೋಡಿದವರಲ್ಲ,
ಟೀವಿ ನೋಡಿದವರು.
ಹೊಸ ಅಂಗಿಗೆ ಇಸ್ತ್ರಿ ಹಾಕುತ್ತಿರುವಾಗ ಮೈಮೂನಳ ಫೋನು:
'ಇಲ್ಲಿ ಕಾಣಲಿಲ್ಲವಂತೆ, ಖಾಝಿಯವರು ಹೇಳಿದರು,
ನಾಳೆಯೂ ನೋಂಬು.'

ಬೆಳಗ್ಗೆ ಮೈದಾನ. ಆಮೇಲೆ ಕ್ಯಾಂಪಿನ ಹನ್ನೊಂದನೇ ರೂಮು.
ಪುತ್ತೂರಿನ ಹಮ್ಮಬ್ಬ ನಿದ್ದೆಗೆಟ್ಟು ಕರಿದ ಪತ್ತಿರಿ,
ಕೋಳಿ, ಶ್ಯಾವಿಗೆ ಪಾಯಸ.
ತಿಂದೆ. ಒಂದು ತಿಂಗಳ ಮಧ್ಯಾಹ್ನಗಳನ್ನೆಲ್ಲ
ಒಂದೇ ಬಟ್ಟಲಲ್ಲಿ ತಿಂದೆ.
ಏರ್‌ಪೋರ್ಟಿನ ಟ್ಯಾಕ್ಸಿಯಲ್ಲೂ ಬೆರಳಿಗೆ ತುಪ್ಪದ ವಾಸನೆ.

ವಿಮಾನ ಅರ್ಧ ಖಾಲಿ.
ಕಿಟಕಿಯಲ್ಲಿ ಮೊದಲು ಮರಳು, ಆಮೇಲೆ ನೀರು,
ಆಮೇಲೂ ನೀರು.
ಎಲ್ಲೋ ಮಸ್ಕತ್ತಿನ ಆಚೆ
ನನ್ನ ಹಬ್ಬ ಮುಗಿದು ಅವರ ಉಪವಾಸ ಸುರುವಾಗುವ ಗಡಿ
ಇದ್ದಿರಬೇಕು. ಪೈಲಟ್ ಅದನ್ನು ಹೇಳಲಿಲ್ಲ,
ಬೆಲ್ಟು ಕಟ್ಟಿಕೊಳ್ಳಿ ಅಂದ.
ಗಡಿಯಾರವನ್ನು ಎರಡೂವರೆ ಗಂಟೆ ಮುಂದೆ ತಿರುಗಿಸಿದೆ;
ದಿನವನ್ನು ಹಿಂದೆ ತಿರುಗಿಸುವ ಕೀಲಿ
ಅದಕ್ಕಿರಲಿಲ್ಲ.

ಬಜ್ಪೆಯ ನಲ್ಲಿಯಲ್ಲಿ ಮೂರು ಸಲ ಬಾಯಿ ಮುಕ್ಕಳಿಸಿದೆ.

ಪಾಣೆಮಂಗಳೂರು ಮುಟ್ಟಿದಾಗ ಚಾಪೆ ಹಾಸಿ ಆಗಿತ್ತು.
ಹೆಚ್ಚಿಟ್ಟ ಕಲ್ಲಂಗಡಿ, ಲಿಂಬೆ ಶರಬತ್ತು,
ಸುತ್ತ ಕೂತವರ ಒಣ ತುಟಿಗಳು.
ನಾನೂ ತುಟಿ ಒಣಗಿಸಿಕೊಂಡು ಕೂತೆ.
ಉಮ್ಮ ಡಬ್ಬಿ ತೆರೆದು
(ಹೋದ ವರ್ಷ ನಾನೇ ಕಳಿಸಿದ ಅಲ್ ಹಸಾದ ಖರ್ಜೂರ,
ಸರ್ದಿ ಹಿಡಿಯದ ಹಾಗೆ ಅಕ್ಕಿಯ ಮಧ್ಯೆ ಹೂತಿಟ್ಟಿದ್ದು)
ಮೊದಲನೆಯದನ್ನು ನನ್ನ ಅಂಗೈಗೆ ಇಟ್ಟಳು:
'ದಾರಿ ನಡೆದವನ ನೋಂಬಿಗೆ ಕೂಲಿ ಜಾಸ್ತಿ, ಮೋನೆ.'

ಬಾಂಗು ಆಯಿತು. ನಾನು ಇಲ್ಲ ಅನ್ನಲಿಲ್ಲ.
ಬಾಯಿಗೆ ಹಾಕಿಕೊಂಡೆ.

ಝುಲೈಖಾಗೆ ಏಳು ವರ್ಷ,
ಅವಳ ಮೊದಲ ಪೂರ್ತಿ ನೋಂಬು ಅದು.
ಮಡಿಲಿಗೆ ಏರಿ ಅಂಗಿ ಮೂಸಿ
'ಉಪ್ಪ, ನಿಮಗೆ ಹಬ್ಬದ ವಾಸನೆ' ಅಂದಳು.
'ಅತ್ತರು' ಅಂದಳು ಮೈಮೂನ,
ನನ್ನ ಮುಖ ನೋಡದೆ.

ರಜೆ ಮುಗಿಯುವ ಮೊದಲು ಮುಸ್ಲಿಯಾರರನ್ನು ಕೇಳಿದೆ.
'ನಿನ್ನದು ಇಪ್ಪತ್ತೊಂಬತ್ತು ಪೂರ್ತಿಯಾಗಿದೆ,
ಪ್ರಯಾಣಿಕನಿಗೆ ರಿಯಾಯಿತಿಯೂ ಇದೆ, ಬಾಕಿ ಏನೂ ಇಲ್ಲ.'
ಲೆಕ್ಕ ಸರಿಯೇ.
ಆ ಒಂದು ಖರ್ಜೂರವನ್ನು ಮಾತ್ರ
ಯಾವ ಕಡೆ ಬರೆಯಬೇಕೋ ತಿಳಿಯಲಿಲ್ಲ.

ಮೇ ತಿಂಗಳ ಒಂದು ಸೋಮವಾರ, ಜುಬೈಲಿನಲ್ಲಿ,
ಯಾರಿಗೂ ಹೇಳದೆ ನೋಂಬು ಹಿಡಿದೆ.
ತಾರಸಿಯ ಮೇಲೆ ಚಿಲ್ಲರಿನ ಪೈಪುಗಳು ಬೆವರುತ್ತಿದ್ದವು,
ನನಗೆ ಬೆವರೂ ಮುಗಿದಿತ್ತು.
ಹಮ್ಮಬ್ಬ ತಣ್ಣನೆ ಮಜ್ಜಿಗೆಯ ಪ್ಯಾಕೆಟ್ ಚಾಚಿ,
ಚಾಚಿದ ಕೈ ಹಿಂದೆಳೆದುಕೊಂಡು, 'ಯಾವ ಬಾಕಿ?' ಅಂದ.
'ಸಣ್ಣದು' ಅಂದೆ.

ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ಮನೆಗೆ ಫೋನು ಮಾಡಿದೆ.
ಅಲ್ಲಿ ಹೊತ್ತು ಮುಳುಗಿತ್ತು,
ಉಮ್ಮನ ದನಿಯ ಹಿಂದೆ ಬಾಂಗು, ಅದರ ಹಿಂದೆ
ಯಾರದೋ ಸ್ಕೂಟರು.
ಇಲ್ಲಿ ಸೂರ್ಯ ಕಾರ್ಖಾನೆಯ ಚಿಮಣಿಗಿಂತ
ಎರಡಾಳು ಮೇಲೆ, ಇಳಿಯುವ ಅವಸರವಿಲ್ಲ ಅವನಿಗೆ.
ನಾಲಗೆ ಹಳೇ ಚಪ್ಪಲಿಯಾಗಿತ್ತು.

'ಏನಾದರೂ ತಿಂದೆಯಾ?'
'ಇನ್ನೂ ಇಲ್ಲ, ಉಮ್ಮ. ಇನ್ನೆರಡು ಗಂಟೆ ಇದೆ.'
ಎರಡು ಗಂಟೆ ಯಾಕೆ ಅಂತ ಅವಳು ಕೇಳಲಿಲ್ಲ.
ಸ್ವಲ್ಪ ಹೊತ್ತು ಸ್ಕೂಟರೇ ಕೇಳಿಸಿತು.
'ಖರ್ಜೂರ ಇದೆಯಾ ಅಲ್ಲಿ?' ಅಂದಳು,
ಖರ್ಜೂರದ ನಾಡಿನಲ್ಲಿ ಕೂತ ನನ್ನನ್ನು.